ಇನ್ನೊಂದಿಷ್ಟು ಹಗುರ

ಮೂರು ಎಂದ ಕೂಡಲೇ ಆರು ಜನವೂ ಒಟ್ಟಿಗೆ ಎತ್ತಿದರು. ಶವಪೆಟ್ಟಿಗೆ ಅಂದುಕೊಂಡದ್ದಕ್ಕಿಂತ ಬೇಗ ಮೇಲೆದ್ದು ಬಂತು. ಎಡಗಡೆಯ ಹಿಡಿಕೆ ಹಿಡಿದಿದ್ದ ಆರ್ಲೊ ಒಂದು ಹೆಜ್ಜೆ ಮುಗ್ಗರಿಸಿದ.

“ನಿಧಾನ ಮಾರಾಯ,” ಹಿಂದಿದ್ದ ಹಾರ್ಲನ್ ಪಿಸುಗುಟ್ಟಿದ. “ಏನೂ ಭಾರವೇ ಇಲ್ವಲ್ಲೋ.”

ಆರ್ಲೊ ಹೆಜ್ಜೆ ಸರಿಮಾಡಿಕೊಂಡ. ಒಳಗಿದ್ದವಳು ವೆರ್ನಾ. ಒಹಾಯೊದ ಆ ಗುಡ್ಡದ ದಾರಿಗಳಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಹಿಮ ಬಿದ್ದ ಬೆಳಿಗ್ಗೆ ಯಾರನ್ನೂ ಕರೆಯದೆ, ಬಸ್ಸು ಜಾರದಂತೆ ಚಕ್ರಗಳಿಗೆ ತಾನೇ ಸರಪಳಿ ಬಿಗಿಯುತ್ತಿದ್ದವಳು. ಈಗ ಅವಳನ್ನು ಹೊರಲು ಆರು ಜನರೇನೂ ಬೇಕಿರಲಿಲ್ಲ.

ಮಣ್ಣು ಮುಗಿಸಿ ಎಲ್ಲರೂ ಚರ್ಚಿನ ನೆಲಮಾಳಿಗೆಗೆ ಊಟಕ್ಕೆ ಬಂದರು. ವೆರ್ನಾಳ ಗಂಡ ಮರ್ಲ್ ತಟ್ಟೆಯಲ್ಲಿದ್ದ ಹ್ಯಾಮ್ ಮಾಂಸ ಮುಟ್ಟದೆ ಕೂತಿದ್ದ. ವೆರ್ನಾ ಗುರಿ ಹೊಡೆಯಲು ಹೋಗುತ್ತಿದ್ದ ಕ್ಲಬ್ಬಿನ ಗೆಳೆಯರು ಅವನ ಸುತ್ತ ಕುರ್ಚಿ ಎಳೆದುಕೊಂಡರು.

“ಒಂಬತ್ತು ವರ್ಷ ಪ್ರತಿ ಗುರುವಾರ ನನ್ನ ಮಾನ ಕಳೆದ್ಲು,” ಹಾರ್ಲನ್ ಅಂದ. “ಅದೂ ಅಳಿಲು ಹೊಡೆಯೋ ತೋಟಾದ ರಿವಾಲ್ವರಲ್ಲಿ!”

“ನಿನ್ನ ಮಾನ ಕಳೆಯೋಕೆ ಕವಣೆ ಸಾಕಿತ್ತು,” ಮರ್ಲ್ ಅಂದ. ಎಲ್ಲರೂ ನಕ್ಕರು. ನಗುತ್ತಲೇ ಮರ್ಲ್‌ನ ಮುಖ ಹಿಂಡಿಹೋಯಿತು. “ಊಟದ ಮೇಜಿನ ಮೇಲೇ ಆ ರಿವಾಲ್ವರ್ ಬಿಚ್ಚಿ ಒರೆಸೋಳು ಕಣಯ್ಯಾ. ನನ್ನ ಸೂಪೆಲ್ಲಾ ಎಣ್ಣೆ ವಾಸನೆ. ಈಗ ಮನೇಲಿ ಯಾವ ವಾಸನೆಯೂ ಇಲ್ಲ.”

ಆರ್ಲೊ ಕಾಫಿ ಲೋಟ ಹಿಡಿದು ಗೋಡೆಗೆ ಒರಗಿ ನಿಂತಿದ್ದ. ಊರಿನವರ ಬಂದೂಕುಗಳನ್ನೆಲ್ಲ ರಿಪೇರಿ ಮಾಡಿ, ಮಾಡಿದ ಕೆಲಸವನ್ನು ಚೀಟಿಯಲ್ಲಿ ಬರೆದು ಕಟ್ಟಿಕೊಡುವವನು ಅವನೇ. ವೆರ್ನಾಳ ಮಗಳು ಡೀನಾ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನೇರ ಅವನತ್ತ ಬಂದಳು. ಅವಳ ಕೈಯಲ್ಲಿ ದಾರ ಕಟ್ಟಿದ ನಾಲ್ಕು ರಟ್ಟಿನ ಚೀಟಿಗಳಿದ್ದವು.

“ಆರ್ಲೊ, ಇದು ನಿಮ್ಮ ಬರಹ ಅಲ್ವಾ?”

*

ಮೊದಲ ಚೀಟಿ ಕಟ್ಟಿದ್ದು ಮೂರು ವರ್ಷದ ಹಿಂದಿನ ಅಕ್ಟೋಬರಿನಲ್ಲಿ.

“ಯಾಕೋ ಟ್ರಿಗರ್ ಬಿಗಿಯಾಗಿದೆ,” ಎಂದು ವೆರ್ನಾ ರಿವಾಲ್ವರನ್ನು ಅವನ ಮೇಜಿನ ಮೇಲಿಟ್ಟಿದ್ದಳು. ಆರ್ಲೊ ಅದನ್ನು ಬಿಗಿ ಅಳೆಯುವ ಕೊಕ್ಕೆತಕ್ಕಡಿಗೆ ಸಿಕ್ಕಿಸಿ ಎಳೆದು ನೋಡಿದ. ಮೊದಲು ಎಷ್ಟಿತ್ತೋ ಅಷ್ಟೇ ಇತ್ತು.

“ಇದು ಬಿಗಿಯಾಗಿಲ್ಲ, ವೆರ್ನಾ.”

“ಹಾಗಾದ್ರೆ ನಾನು ಮುದುಕಿಯಾಗಿದ್ದೀನಿ. ಸುಮ್ನೆ ಹಗುರ ಮಾಡೋ.”

ಅವನು ಒಳಗಿನ ಉಕ್ಕನ್ನೆಲ್ಲ ಕನ್ನಡಿಯಂತೆ ಉಜ್ಜಿ, ಮೆತ್ತನೆಯ ಸ್ಪ್ರಿಂಗ್ ಹಾಕಿದ. ಹಿತ್ತಲಲ್ಲಿ ನೇತುಹಾಕಿದ್ದ ತಗಡಿನ ಬಿಲ್ಲೆಗಳಿಗೆ ಅವಳು ಆರು ಗುಂಡು ಹೊಡೆದಳು. ಒಣಕಡ್ಡಿ ಮುರಿದಂಥ ಸಣ್ಣ ಸದ್ದು. ಆರೂ ಬಿಲ್ಲೆ ಠಣ್ಣೆಂದವು. ಅರವತ್ತೊಂದರ ಹೆಂಗಸು ಹುಲ್ಲಿನ ಮೇಲೆ ಕುಣಿದೇಬಿಟ್ಟಳು. “ಬೆಣ್ಣೆ ಕಣೋ, ಬೆಣ್ಣೆ!”

ನವೆಂಬರಿನಲ್ಲಿ ದಪ್ಪ ಹಿಡಿ ಬೇಕೆಂದಳು. ಆಕ್ರೋಟದ ಮರದಲ್ಲಿ ಅವಳ ಅಂಗೈಗೆ ಸರಿಯಾಗಿ ಕೆತ್ತಿಕೊಟ್ಟ. ಕ್ರಿಸ್ಮಸ್ಸಿಗೆ ಮುಂಚೆ, ರಿವಾಲ್ವರಿನ ಕುದುರೆಯನ್ನು, ತೋಟಾಕ್ಕೆ ಬಡಿಯುವ ಆ ಕೀಲನ್ನು, ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯಲಾಗುತ್ತಿಲ್ಲವೆಂದಳು. ಅದಕ್ಕೆ ಅಗಲದ ತುದಿ ಕೂರಿಸಿದ. ಒಂದೊಂದು ಸಲವೂ ಅವಳ ಕೈ ಕುಲುಕುವಾಗ ಹಿಡಿತ ಸಡಿಲವಾದದ್ದು ಅವನಿಗೆ ತಿಳಿಯುತ್ತಿತ್ತು. ಏನೂ ಕೇಳಲಿಲ್ಲ. ಕೆಲಸ ಚೆನ್ನಾಗಿ ಆಗುತ್ತಿತ್ತು, ಅವಳು ನಗುತ್ತಿದ್ದಳು.

ಫೆಬ್ರವರಿಯಲ್ಲಿ ಮತ್ತೆ ಬಂದಳು.

“ಇನ್ನೊಂದಿಷ್ಟು ಹಗುರ ಮಾಡು.”

“ಆಗಲ್ಲ. ಈ ತೋಟಾ ಅಂಚಿಗೆ ಜೋರಾಗಿ ಏಟು ಬಿದ್ರೇನೇ ಸಿಡಿಯೋದು. ಸ್ಪ್ರಿಂಗ್ ಇನ್ನೂ ಮೆತ್ತಗೆ ಮಾಡಿದ್ರೆ ಬರೀ ಟಕ್ ಅನ್ನುತ್ತೆ ಅಷ್ಟೆ.”

ಅವಳು ಕೈಗವಸು ಕಳಚಿ ಬಲಗೈಯನ್ನು ದೀಪದ ಕೆಳಗೆ ಚಾಚಿದಳು. ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸ ಬತ್ತಿ ಗುಳಿ ಬಿದ್ದಿತ್ತು.

“ಅಮ್ಮನಿಗೂ ಹೀಗೇ ಶುರುವಾಗಿದ್ದು. ಅವಳ ಅಣ್ಣನಿಗೂ. ಕೈ, ಆಮೇಲೆ ಕಾಲು, ಆಮೇಲೆ ಉಸಿರು.”

“ಡಾಕ್ಟರ್ ಹತ್ರ ಹೋದ್ಯಾ?”

“ಹೋಗಿ? ಅದಕ್ಕೆ ಮದ್ದಿಲ್ಲ. ಮರ್ಲ್‌ಗೆ ಗೊತ್ತಾದ್ರೆ ಅವತ್ತೇ ನನ್ನ ಹಾಸಿಗೇಲಿ ಮಲಗಿಸಿಬಿಡ್ತಾನೆ. ಡೀನಾಗಂತೂ ಹೇಳಲೇಬೇಡ. ನನಗೆ ಇನ್ನೊಂದು ಬೇಸಿಗೆ ಬೇಕು, ಅಷ್ಟೇ.”

ಅವನು ಅವಳು ಕೇಳಿದಂತೆ ಮಾಡಿಕೊಟ್ಟ. ಆ ಬೇಸಿಗೆಯ ಗುರುವಾರಗಳಲ್ಲಿ ಅವಳ ಆರರಲ್ಲಿ ಎರಡು ಮೂರು ಗುಂಡು ಸಿಡಿಯುತ್ತಲೇ ಇರಲಿಲ್ಲ. “ಏನಾಯ್ತೇ?” ಎಂದು ಹಾರ್ಲನ್ ಕೂಗಿದರೆ, ಅವಳಿಗಿಂತ ಮೊದಲು ಆರ್ಲೊನೇ ಹೇಳುತ್ತಿದ್ದ: “ತೋಟಾದ ಡಬ್ಬಿ ಸರಿಯಿಲ್ಲ.”

*

“ನನ್ನದೇ ಬರಹ,” ಆರ್ಲೊ ಅಂದ.

“ಕೊನೇದು ಎರಡು ವರ್ಷದ ಹಿಂದಿನ ಫೆಬ್ರವರಿ. ‘ಸ್ಪ್ರಿಂಗ್ ಮತ್ತೂ ಹಗುರ. ಸಿಡಿಯುವ ಭರವಸೆ ಇಲ್ಲ.’ ನೀವು ಇಂಥ ಕೆಲಸ ಯಾರಿಗೂ ಮಾಡಿಕೊಡಲ್ಲ ಅಂತ ಹಾರ್ಲನ್ ಹೇಳಿದ್ರು.” ಡೀನಾಳ ದನಿ ಏರಲಿಲ್ಲ. “ನಿಮಗೆ ಆಗಲೇ ಗೊತ್ತಿತ್ತು.”

“ಅವಳು ಹೇಳ್ಬೇಡ ಅಂದ್ಲು.”

“ನಮಗೆ ಗೊತ್ತಾಗಿದ್ದು ಹೋದ ವರ್ಷ ಮಾರ್ಚಲ್ಲಿ, ಅಮ್ಮ ಮೆಟ್ಟಿಲ ಮೇಲೆ ಬಿದ್ದ ಮೇಲೆ. ಅಜ್ಜಿ ಎದೆನೋವಿಂದ ಹೋದ್ಲು ಅಂತಲೇ ನಂಗೆ ಹೇಳಿದ್ದಿದ್ದು. ಇದು ರಕ್ತದಲ್ಲೇ ಬರುತ್ತೆ ಅಂತ ಡಾಕ್ಟರ್ ಹೇಳಿದಾಗ ಈ ನನ್ನ ಮಗಳಿಗೆ ಐದು ವಾರ.”

ಮಗು ಆರ್ಲೊನ ಟೈಗೆ ಕೈ ಚಾಚಿತು. ಡೀನಾ ಒಂದು ಹೆಜ್ಜೆ ಹಿಂದೆ ಸರಿದಳು.

“ನಾನು ಬಸುರಿಯಾಗಿದ್ದು ಈ ಕೊನೇ ಚೀಟಿಯ ವರ್ಷದ ಮೇ ತಿಂಗಳಲ್ಲಿ, ಆರ್ಲೊ.”

ಫೆಬ್ರವರಿ, ಮಾರ್ಚ್, ಏಪ್ರಿಲ್. ಅವನು ಮನಸ್ಸಿನಲ್ಲೇ ಎಣಿಸಿದ. ಒಂದು ಫೋನು ಮಾಡಿದ್ದರೆ ಸಾಕಿತ್ತು. ವೆರ್ನಾ ತನ್ನನ್ನು ಬೈಯುತ್ತಿದ್ದಳು, ಅಂಗಡಿಗೆ ಕಾಲಿಡುತ್ತಿರಲಿಲ್ಲ; ಅಷ್ಟೇ ತಾನೆ?

“ಇವಳು ಬೇಡ ಅಂತಲ್ಲ,” ಡೀನಾ ಅಂದಳು. “ಯೋಚನೆ ಮಾಡೋಕೆ ನಂಗೊಂದು ಅವಕಾಶ ಇರ್ತಿತ್ತು. ಅಮ್ಮನಿಗೆ ಬೇಸಿಗೆ ಸಿಕ್ತು. ಅಷ್ಟೇ ಆಗಿದ್ದು.”

ಚೀಟಿಗಳನ್ನು ಅವನ ಖಾಲಿ ಕೈಯಲ್ಲಿಟ್ಟು ಹೋದಳು. ಅತ್ತ ಮರ್ಲ್ ಕೂಗಿದ, “ಆರ್ಲೊ, ಬಾ ಕೂತ್ಕೋ. ನಿನ್ನಷ್ಟು ಅವಳನ್ನ ನೋಡ್ಕೊಂಡೋರು ಇನ್ಯಾರಿದ್ದಾರೆ?” ಆರ್ಲೊಗೆ ಅಲ್ಲಿ ಕೂರಲಾಗಲಿಲ್ಲ. ಕೋಟು ಮರೆತು ಹೊರಗೆ ಬಂದ.

ಚರ್ಚಿನ ಅಂಗಳದಲ್ಲಿ ಡೀನಾಳ ಕಾರಿನ ಹಿಂಬಾಗಿಲು ತೆರೆದಿತ್ತು. ಅವಳು ಬಗ್ಗಿ, ಬೆಲ್ಟಿನೊಳಗೆ ಕೂತ ಮಗುವಿನ ಮುಷ್ಟಿಗೆ ತನ್ನ ತೋರುಬೆರಳು ಕೊಟ್ಟು ಮೆಲ್ಲಗೆ ಎಳೆದಳು. ಮಗು ಬಿಡಲಿಲ್ಲ. ಇನ್ನೊಂದು ಕೈಗೆ ಕೊಟ್ಟಳು, ಎಳೆದಳು. ಮತ್ತೆ ಮೊದಲ ಕೈಗೆ. ಮಗುವಿಗೆ ಅದು ಆಟ. ಎಳೆದಾಗಲೆಲ್ಲ ಕಿಲಕಿಲ ನಗುತ್ತಿತ್ತು. ಡೀನಾ ಮಗುವಿನ ಮುಖ ನೋಡದೆ ಆ ಮುಷ್ಟಿಯನ್ನೇ ನೋಡುತ್ತಾ ಮತ್ತೆ ಎಳೆದಳು.