ಏಳನೆಯ ದಿನದ ಎಲೆ

ನನ್ನ ಮೊಮ್ಮಗಳಿಗೆ ಬುಗುರಿ ಎಂದು ಹೆಸರಿಟ್ಟವಳು ನಾನೇ. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಹೋದ ತಿಂಗಳು ಡ್ರಾಯಿಂಗ್ ಮೇಷ್ಟ್ರು ಮಕ್ಕಳನ್ನು ಚಿತ್ರ ಬರೆಸಲು ಹೊಳೆದಂಡೆಗೆ ಕರೆದುಕೊಂಡು ಹೋಗಿದ್ದರು. ಎಲ್ಲರೂ ಕಲ್ಲು, ಗಿಡ ನೋಡಿ ಬರೆಯುತ್ತಿದ್ದರೆ ಇವಳು ಕಪ್ಪೆಯ ಬೆನ್ನು ಹತ್ತಿ ಒಂದು ಗಂಟೆ ಕಾಣೆಯಾಗಿದ್ದಳು. ಸಿಕ್ಕಾಗ ಮೇಷ್ಟ್ರ ಮುಖದಲ್ಲಿ ರಕ್ತವಿರಲಿಲ್ಲವಂತೆ. ಆದರೂ ಬೈಯಲಿಲ್ಲ.

"ಮನೆ ಹತ್ರ ಯಾವುದಾದ್ರೂ ಗಿಡದ ಒಂದೇ ಒಂದು ಎಲೆ ಆರಿಸ್ಕೋ. ಕೀಳಬಾರದು. ಏಳು ದಿನ, ದಿನಕ್ಕೊಂದು ಚಿತ್ರ. ಅಷ್ಟು ಕೂತ್ಕೊಂಡು ತೋರಿಸಿದ್ರೆ ಮುಂದಿನ ಸಲ ಹೊಳೆಗೆ ಬಾ. ಇಲ್ಲಾಂದ್ರೆ ಇಲ್ಲ" ಎಂದರು.

ನಮ್ಮ ಇಸ್ತ್ರಿ ಅಂಗಡಿಯ ಪಕ್ಕ ಹಳೆಯ ಎಣ್ಣೆ ಡಬ್ಬದಲ್ಲಿ ಒಂದು ನಿಂಬೆ ಗಿಡವಿದೆ. ಅದರ ಒಂದು ಎಲೆಯ ತೊಟ್ಟಿಗೆ ಕೆಂಪು ದಾರ ಕಟ್ಟಿದಳು. ಆರು ದಿನ, ಶಾಲೆಗೆ ಹೊರಡುವ ಮುಂಚೆ, ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಪುಸ್ತಕ ಮಾತ್ರ ತೋರಿಸಲಿಲ್ಲ. "ಮುಗೀಲಿ ಅಜ್ಜಿ" ಎನ್ನುತ್ತಿದ್ದಳು. ಬುಗುರಿ ಒಂದು ಕಡೆ ನಿಂತಿತಲ್ಲ, ನನಗೆ ಅದೇ ಸಾಕಾಗಿತ್ತು.

ಏಳನೆಯ ದಿನ ಬೆಳಗ್ಗೆ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಾ ಗಿಡದ ಕಡೆ ನೋಡಿದೆ. ದಾರ ಕಟ್ಟಿದ ಎಲೆಯ ನಟ್ಟನಡುವೆ ಹಕ್ಕಿ ಹಿಕ್ಕೆ! ಕಪ್ಪಗೆ, ಮಧ್ಯೆ ಬಿಳಿ ಪಟ್ಟೆ. ಕಲೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ನಲವತ್ತು ವರ್ಷದ ಅಭ್ಯಾಸ. ಮಗು ಬರೆಯುವ ಎಲೆ ಹೀಗಿದ್ದರೆ ಹೇಗೆ ಎಂದು ಒದ್ದೆ ಚಿಂದಿಯಿಂದ ಒರೆಸಿದೆ, ಚಿಂದಿ ಕೊಡವಿದೆ, ಅದನ್ನೇ ಬಸ್ ಡ್ರೈವರನ ಪ್ಯಾಂಟಿನ ಮೇಲೆ ಹಾಸಿ ಇಸ್ತ್ರಿ ಎಳೆದೆ.

ಬುಗುರಿ ಪೆನ್ಸಿಲ್ ಹಿಡಿದು ಬಂದಳು. "ಅಜ್ಜಿ, ಎಲೆ ಮೇಲಿದ್ದದ್ದು ಎಲ್ಲಿ?"

"ಹಿಕ್ಕೆ ತಾನೆ? ಒರೆಸಿದೆ ಕಣೇ. ನೋಡು, ಈಗ ಹೇಗೆ ಹೊಳೀತಿದೆ."

"ಅದು ಹಿಕ್ಕೆ ಅಲ್ಲ! ಹುಳ!"

ಪುಸ್ತಕ ತೆರೆದು ನನ್ನ ಮೂಗಿನ ಮುಂದೆ ಹಿಡಿದಳು. ಮೊದಲ ಚಿತ್ರದಲ್ಲಿ ಎಲೆಯ ಮೇಲೊಂದು ಚುಕ್ಕೆ. ಮೂರನೆಯದರಲ್ಲಿ ಚುಕ್ಕೆ ಉದ್ದವಾಗಿತ್ತು, ಎಲೆಯ ಅಂಚು ಕಚ್ಚಿದ ಹಾಗಿತ್ತು. ಆರನೆಯದರಲ್ಲಿ ಪುಟ್ಟ ಕಾಲುಗಳು, ಬಾಗಿದ ತಲೆ.

"ಹಕ್ಕಿ ತಿನ್ನಬಾರದು ಅಂತ ಹಾಗೆ ವೇಷ ಹಾಕಿರತ್ತೆ ಅಜ್ಜಿ."

"ಅದಕ್ಕೇ ನಾನೂ ಮೋಸ ಹೋದೆ ಕಣೇ."

"ಹಕ್ಕಿನೂ ಮೋಸ ಹೋಗತ್ತೆ. ಆದ್ರೆ ಹಕ್ಕಿ ಒರೆಸಲ್ಲ!"

ಚಿಂದಿಯ ಮೇಲೆ ಕಾದ ಪೆಟ್ಟಿಗೆ ಎಳೆದಿದ್ದೆನಲ್ಲ! ಬಿಡಿಸಿ ನೋಡಿದೆ, ಏನೂ ಕಾಣಲಿಲ್ಲ. ಮಡಚಿಟ್ಟಿದ್ದ ಪ್ಯಾಂಟು ಬಿಚ್ಚಿದೆ, ಅದರ ಕಾಲು ತಿರುವಿ ಹಾಕಿದೆ, ಜೇಬು ತಡಕಿದೆ. ಅವಳು ನೆಲದಲ್ಲಿ ತೆವಳುತ್ತಾ ಬಕೆಟ್ಟಿನ ಹಿಂದೆ, ಇದ್ದಿಲ ಚೀಲದ ಸಂದಿಯಲ್ಲಿ ಹುಡುಕುತ್ತಿದ್ದಳು.

ಅಷ್ಟರಲ್ಲಿ ಪ್ಯಾಂಟಿನ ಯಜಮಾನನೇ ಬಂದ. "ಏನಜ್ಜಿ, ಜೇಬೆಲ್ಲ ತಡಕ್ತಿದ್ದೀಯ? ಅಲ್ಲೇನೂ ಸಿಗಲ್ಲ, ನನ್ನ ಹೆಂಡತಿ ಆಗ್ಲೇ ನೋಡಿ ಆಗಿದೆ."

"ಹುಳ ಹುಡುಕ್ತಿದ್ದೀನಪ್ಪ."

"ನನ್ನ ಪ್ಯಾಂಟಲ್ಲಾ?" ಅವನು ಎರಡು ಹೆಜ್ಜೆ ಹಿಂದೆ ಸರಿದ. "ಬಸ್ ಹೊರಡೋ ಹೊತ್ತಾಯ್ತು. ಮೊದ್ಲು ನಿನ್ನ ಮೇಜು ನೋಡ್ಕೋ. ಗುಬ್ಬಿ ಬಂದು ಮೇಜಿನ ಕಾಲ್ ಮೇಲೆ ಹೇತು ಹೋಗಿದೆ" ಎಂದು ಕರವಸ್ತ್ರ ತೆಗೆದು ಬಗ್ಗಿದ.

"ಮುಟ್ಬೇಡ!" ಅಜ್ಜಿ ಮೊಮ್ಮಗಳು ಒಟ್ಟಿಗೆ ಕಿರುಚಿದೆವು.

ಹಿಕ್ಕೆ ನಿಧಾನವಾಗಿ ತಲೆ ಎತ್ತಿತು.

ಕೈಯಿಂದ ಹಿಡಿಯಲು ಬುಗುರಿ ಬಿಡಲಿಲ್ಲ. ಡ್ರೈವರ್ ಗೊಣಗುತ್ತಲೇ ಗಿಡದ ಡಬ್ಬ ಎಳೆದು ಮೇಜಿನ ಹತ್ತಿರ ತಂದ. ನಾನು ಕೊಂಬೆ ಬಗ್ಗಿಸಿ ದಾರದ ಎಲೆಯನ್ನು ಮೇಜಿನ ಕಾಲಿಗೆ ತಾಗಿಸಿ ಹಿಡಿದೆ. ಅವಳು ನೆಲದಲ್ಲಿ ಕೂತು ಬರೆಯತೊಡಗಿದಳು. ಹುಳ ಎಲೆಗೆ ತಲೆ ಇಟ್ಟಿತು, ಹಿಂದೆಗೆಯಿತು. ಪೆಟ್ಟಿಗೆಯಲ್ಲಿ ಕೆಂಡ ಬೂದಿಯಾಗುತ್ತಿತ್ತು. ಒಂದು ರಾಶಿ ಬಟ್ಟೆ ಬಿದ್ದಿತ್ತು. ಶಾಲೆಯ ಮೊದಲ ಗಂಟೆ ಹೊಡೆಯಿತು. ನನ್ನ ಕೈ ಸೋತು ನಡುಗಿತು, ಮೂಗಿನ ತುದಿ ತುರಿಸಿತು.

"ಅಲ್ಲಾಡ್ಬೇಡ ಅಜ್ಜಿ. ಒಂದು ಕಡೆ ಇರಕ್ಕೇ ಬರಲ್ವಾ ನಿಂಗೆ?"

"ಅಜ್ಜಿ, ನನ್ನ ಪ್ಯಾಂಟು..."

"ಇರಪ್ಪ!"

ಹುಳ ಮತ್ತೆ ತಲೆ ಚಾಚಿತು. ಒಂದೊಂದೇ ಕಾಲು ಎಳೆದುಕೊಂಡು ಎಲೆ ಹತ್ತಿತು. ಎರಡನೆಯ ಗಂಟೆಗೆ ಬುಗುರಿ ಪುಸ್ತಕ ಎದೆಗವಚಿಕೊಂಡು ಓಡಿದಳು. ಡ್ರೈವರ್ ಅರ್ಧ ಸುಕ್ಕಿನ ಪ್ಯಾಂಟು ಹೆಗಲಿಗೆ ಹಾಕಿಕೊಂಡು ಓಡಿದ.

ಅವತ್ತಿಡೀ ನನಗೆ ಕೆಲಸ ಓಡಲಿಲ್ಲ. ಒಂದು ಅಂಗಿ ಮುಗಿಸುವುದರೊಳಗೆ ಎರಡು ಸಲ ಗಿಡದ ಹತ್ತಿರ ಹೋಗಿ ಬಂದೆ, ಮೂರು ಸಲ ದಾರಿ ನೋಡಿದೆ. ಸಂಜೆ ಅವಳು ಬಂದಾಗ ಕೇಳಿದೆ, "ಏನಂದ್ರೇ ಮೇಷ್ಟ್ರು?"

"ಚಿತ್ರದಲ್ಲಿ ಈ ಬೆರಳು ಯಾರ್ದು ಅಂದ್ರು. ಒರೆಸಿದೋರ್ದು ಅಂದೆ."

"ಅಯ್ಯೋ! ಆಮೇಲೆ?"

"ಹೊಳೆಗೆ ನಾನು ಬರಬಹುದಂತೆ. ನಿನ್ನನ್ನೂ ಕರ್ಕೊಂಡ್ಬಾ ಅಂದ್ರು. ಒದ್ದೆ ಬಟ್ಟೆ ಮಾತ್ರ ತರಬಾರದಂತೆ."

ನಾನು ಚಿಂದಿ ಹಿಂಡಿ ಹಗ್ಗಕ್ಕೆ ಹಾಕಿದೆ. ಹಾಕುವ ಮುಂಚೆ ಎರಡೂ ಮಗ್ಗುಲು ತಿರುಗಿಸಿ ನೋಡಿದೆ.