ಮಲ್ಲಾರ್ಡ್ ಲಾಂಚಿನ ಬಾತು

"ಬುಟ್ಟಿ ಸಣ್ಣದಾತು," ಎಂದಳು ಶರಣವ್ವ. "ಕುತ್ತಿಗಿ ಹೊರಗ ಬರತೈತಿ ನೋಡ್ರಿ."

ಕುತ್ತಿಗೆ ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಅವಳೂ ಗಂಡ ನೀಲಕಂಠಪ್ಪನೂ ಬುಟ್ಟಿಯಿಂದ ಮುಖ ತಿರುಗಿಸಿದರು. ನಾಡಿದ್ದು ಕ್ರಿಸ್ಮಸ್. ಬುಟ್ಟಿಯಲ್ಲಿದ್ದ ಬಾತನ್ನು ಪಕ್ಕದ ಖೋಲಿಯ ಸೆವ್ರಿನ್ ಬಾಯಿಗೆ ಇವತ್ತು ವಾಪಸು ಕೊಡಬೇಕು. ಆಕೆ ಅದನ್ನು ಕುಯ್ದು ಸಾರು ಮಾಡುತ್ತಾಳೆ. ಇದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಕೊಡುವಾಗಲೇ ಹೇಳಿ ಕೊಟ್ಟಿದ್ದಳು.

ನೀಲಕಂಠಪ್ಪ ಗದಗಿನ ಕಡೆಯ ಒಂದು ನಾಟಕ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದವನು. ಕಂಪನಿ ಮುಳುಗಿದ ಮೇಲೆ ಮುಂಬಯಿಗೆ ಬಂದು, ಮಝಗಾಂವದ ಚಾಳಿನಲ್ಲಿ ಖೋಲಿ ಹಿಡಿದು, ಸಿಕ್ಕ ಅಂಗಡಿಯ ಬೋರ್ಡು ಬರೆದು ಹೊಟ್ಟೆ ಹೊರೆಯುತ್ತಿದ್ದ. ಮುಂಬಯಿ ಯಾವ ರಾಜ್ಯಕ್ಕೆ ಸೇರಬೇಕೆಂದು ಊರೆಲ್ಲ ಕೂಗಾಡುತ್ತಿದ್ದ ಆ ಚಳಿಗಾಲದಲ್ಲಿ, ಇಲ್ಲಿ ತಾನು ಉಳಿಯುತ್ತೇನೋ ಇಲ್ಲವೋ ಎಂಬುದಷ್ಟೇ ಅವನ ಚಿಂತೆಯಾಗಿತ್ತು. ಅಂಥ ಹೊತ್ತಿನಲ್ಲಿ ಬಂದರಿನ ದೋಣಿಗಳ ಮಾಲೀಕರಾದ ದಾರಾಶಾ ಸೇಠರು ಹೊಸ ಲಾಂಚು ಕೊಂಡು ಅದಕ್ಕೆ 'ಮಲ್ಲಾರ್ಡ್' ಎಂದು ಹೆಸರಿಟ್ಟರು. ಬಂದರಿನಾಚೆ ಲಂಗರು ಹಾಕಿದ ಹಡಗುಗಳಿಂದ ಖಲಾಸಿಗಳನ್ನು ದಡಕ್ಕೆ ತರುವ ಲಾಂಚು ಅದು. ಸೇಠರಿಗೆ ಆ ಹೆಸರಿನ ಹುಚ್ಚು. ವಿಲಾಯತಿಯಲ್ಲಿ ಎಲ್ಲಕ್ಕಿಂತ ಜೋರಾಗಿ ಓಡಿದ ಉಗಿಬಂಡಿಯ ಎಂಜಿನ್ನಿಗೆ ಅದೇ ಹೆಸರಂತೆ, ನೀರಿನ ಮೇಲೆ ಇಳಿಯುವ ಒಂದು ವಿಮಾನಕ್ಕೂ ಅದೇ ಹೆಸರಂತೆ. ಇನ್ನು ತಮ್ಮ ಲಾಂಚೇನು ಕಡಿಮೆಯೇ? ಹೆಸರಿನ ಪಕ್ಕದಲ್ಲಿ ಮಲ್ಲಾರ್ಡ್ ಹಕ್ಕಿಯ ಚಿತ್ರ ಬರೆಯಬೇಕು, ಮನಸ್ಸಿಗೆ ಬಂದರೆ ಲಾಂಚುಗಳು ನಿಲ್ಲುವ ಧಕ್ಕೆಯ ಮೇಲೆ ಕಾಯಂ ಕೆಲಸ ಎಂದು ಅವನಿಗೆ ಹೇಳಿದರು.

ನೀರು, ಹಕ್ಕಿ ಎಂದದ್ದೇ ನೀಲಕಂಠಪ್ಪನ ಕೈ ತಾನಾಗಿ ಹಂಸವನ್ನು ಬರೆದುಬಿಟ್ಟಿತು. ಬಿಳಿ ಮೈ, ಕೊಕ್ಕಿನಲ್ಲಿ ತಾವರೆಯ ದಂಟು, ಬಾಲದ ತುಂಬ ಬಳ್ಳಿ. ನಾಟಕದ ಪರದೆಯ ಮೇಲೆ ಅದೇ ಹಂಸಕ್ಕೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಸೇಠರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೇ, ಯೇ ತೋ ಭಗವಾನ್ ಕಾ ಪಂಛೀ ಹೈ, ದೇವರ ಹಕ್ಕಿ! ಇದರ ಮೇಲೆ ಬೀಡಿ ಸೇದುವ ಖಲಾಸಿಯನ್ನು ಹೇಗಪ್ಪ ಕೂರಿಸಲಿ?" ಎಂದರು. ಮಲ್ಲಾರ್ಡ್ ಎಂದರೆ ಹಸಿರು ತಲೆಯ ಬಾತು ಎಂದು ಆಗ ಅವನಿಗೆ ತಿಳಿಯಿತು. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವನು ಬಾತನ್ನು ಸರಿಯಾಗಿ ನೋಡಿದ್ದಾದರೂ ಎಲ್ಲಿ?

ನೋಡಿದ್ದು ಸೆವ್ರಿನ್ ಬಾಯಿಯ ಬಾಗಿಲಲ್ಲಿ. ಆಕೆ ಕರಾವಳಿಯ ಕಲ್ಯಾಣಪುರದವಳು. ಗಂಡ ಲಿಗೋರಿ ಹಡಗಿನಲ್ಲಿ ಅಡುಗೆಯವನು, ವರ್ಷಗಟ್ಟಲೆ ಮನೆ ಕಂಡಿರಲಿಲ್ಲ. ಈ ಕ್ರಿಸ್ಮಸ್ಸಿಗೆ ಬರುವವನಿದ್ದ. ವಸೈ ಕಡೆಯ ಹೆಂಗಸಿನಿಂದ ಅವಳು ಹಸಿರು ತಲೆಯ ಬಾತು ಕೊಂಡು ಕಟ್ಟಿಹಾಕಿದ್ದು ಅವನಿಗಾಗಿಯೇ. ನೀಲಕಂಠಪ್ಪ ಅದರ ಮುಂದೆ ಕಾಗದ ಹಿಡಿದು ಕುಕ್ಕರಗಾಲಿನಲ್ಲಿ ಕೂತದ್ದನ್ನು ಕಂಡು, ಆಕೆ ಹಗ್ಗವನ್ನೇ ಬಿಚ್ಚಿ ಅವನ ಕೈಗಿತ್ತಳು. "ಕೊಂಡುಹೋಗಿ ಮಾರಾಯ್ರೇ. ಮನೆಯಲ್ಲಿ ಇಟ್ಟುಕೊಂಡು ನೋಡಿ ಬರೆಯಿರಿ. ಆದರೆ ಹಬ್ಬದ ಮುಂಚೆ ಕೊಡಬೇಕು, ಆಯ್ತಾ? ಬಾತಿನ ಸಾರು ಅಂದ್ರೆ ನಮ್ಮವರಿಗೆ ಜೀವ."

ಲಿಂಗಪೂಜೆಯ ಮನೆಗೆ ಇದೆಂಥ ಪೀಡೆ ಎಂದು ಶರಣವ್ವ ಮೊದಲು ರೇಗಿದಳು. ಆಮೇಲೆ ತಾನೇ ಜೋಳದ ನುಚ್ಚು ನೆನೆಸಿಟ್ಟಳು. ಬಚ್ಚಲ ಮೋರಿಯಲ್ಲಿ ನೀರು ಕಟ್ಟಿ ಅದನ್ನು ಈಜಲು ಬಿಟ್ಟಳು. "ನೋಡ್ರಿ, ತಲಿ ಹೊಳ್ಳಿಸಿದರ ಹಸರು ಹೋಗಿ ನೀಲಿ ಆಗತೈತಿ," ಎಂದು ತೋರಿಸಿದವಳೂ ಅವಳೇ. ಆ ಮಾತಿನಿಂದಲೇ ಅವನಿಗೆ ಬಣ್ಣ ಸಿಕ್ಕಿತು. ಸೇಠರು ಚಿತ್ರವನ್ನು ದೂರದಿಂದ ನೋಡಿದರು, ಹತ್ತಿರದಿಂದ ನೋಡಿದರು, ಬೆನ್ನು ತಟ್ಟಿದರು. ಕೆಲಸ ಕಾಯಂ ಆಯಿತು. ಅನ್ನ ಕೊಟ್ಟ ಹಕ್ಕಿ ಎಂದು ಆ ದಿನ ಶರಣವ್ವ ಅದಕ್ಕೆ ಕೈ ಮುಗಿದಳು.

ಈಗ ಅದನ್ನು ಕೊಡಬೇಕು.

"ಒಂದ ಮಾತು ಕೇಳಿ ನೋಡ್ರೆಲಾ," ಎಂದಳು.

"ಹೆಂಗ ಕೇಳಲಿ? ಗಂಡಗ ಅಂತ ಇಟ್ಟಿದ್ದನ್ನ ನಮಗ ಕೊಟ್ಟಾಕಿ. ಆಕಿ ಮುಂದ ಮತ್ತ ಕೈ ಒಡ್ಡಾಕ ಮಾರಿ ಬೇಕಲ್ಲ? ಮಾತು ಅಂದರ ಮಾತು."

ಅವನು ಅಂಗಿ ತೊಟ್ಟು ಬರುವಷ್ಟರಲ್ಲಿ ಶರಣವ್ವ ದೊಡ್ಡ ಬುಟ್ಟಿ ಹುಡುಕಿ, ಹಕ್ಕಿಯನ್ನು ಇಳಿಸಿ, ಮೇಲೆ ಹಳೆಯ ಸೀರೆಯ ತುಂಡು ಬಿಗಿದಿದ್ದಳು. ಅವನು ಎತ್ತಿಕೊಂಡು ಹೊರಟ. ನಾಲ್ಕು ಹೆಜ್ಜೆಯ ಗ್ಯಾಲರಿ ಅಂದು ಯಾಕೋ ಮುಗಿಯಲೇ ಇಲ್ಲ.

ಸೆವ್ರಿನ್ ಬಾಯಿ ತೆಂಗಿನಕಾಯಿ ತುರಿಯುತ್ತಿದ್ದವಳು ಎದ್ದು ಬಂದು ಬಟ್ಟೆ ಸರಿಸಿದಳು.

"ಎಂತದಿದು?"

ನೀಲಕಂಠಪ್ಪ ಬಗ್ಗಿ ನೋಡಿದ. ಬಾತಿನ ಹಸಿರು ತಲೆಯ ಮೇಲೆ ಮೂರು ಬೆರಳು ಎಳೆದ ವಿಭೂತಿ! ದಿನಾ ಪೂಜೆ ಮುಗಿದ ಮೇಲೆ ಶರಣವ್ವ ಮನೆಯಲ್ಲಿದ್ದವರ ಹಣೆಗೆಲ್ಲ ಹಚ್ಚುತ್ತಿದ್ದಳು. ಇವತ್ತು ಇದಕ್ಕೂ ಹಚ್ಚಿದ್ದಾಳೆ! ಬಾಯಿಬಿಟ್ಟು ಕೇಳದೆ ಅದರ ಜೀವವನ್ನು ಹೀಗೆ ಹಿಂಬಾಗಿಲಿನಿಂದ ಕೇಳಿದ ಹಾಗಾಯಿತಲ್ಲ, ಈಕೆ ಏನೆಂದುಕೊಂಡಾಳು!

"ಬಾಯಾರ, ಆಕಿದು ರೂಢಿರೀ... ನಿಮ್ಮನ್ನ ಏನೋ ಕೇಳಬೇಕಂತ ಹಚ್ಚಿದ್ದಲ್ಲ, ಶಿವನಾಣಿ," ಎನ್ನುತ್ತ ಧೋತರದ ಚುಂಗಿನಿಂದ ಒರೆಸಹೋದ. ಬಾತು ತಲೆ ಕೊಡವಿತು. ಬೂದಿ ಹೋಗುವ ಬದಲು ಕುತ್ತಿಗೆಗೂ ಹತ್ತಿತು.

"ಇರಲಿ, ಕೊಡಿ," ಎಂದು ಸೆವ್ರಿನ್ ಬಾಯಿ ಬುಟ್ಟಿ ತೆಗೆದುಕೊಂಡಳು. ಬಾಗಿಲು ಮುಚ್ಚಿತು.

ಮನೆಗೆ ಬಂದು ಅವನು ಹೆಂಡತಿಯ ಮೇಲೆ ಹರಿಹಾಯ್ದ. "ಏನ ಮಾಡಿದಿ! ಇನ್ನ ಆಕಿಗೆ ಮಾರಿ ಹೆಂಗ ತೋರಸೂದು?"

"ಮನಿಯಿಂದ ಹೊಂಟಿದ್ದಕ್ಕ ಹಚ್ಚಲಾರದ ಕಳಸೂದು ಹೆಂಗ್ರೀ? ಕೈ ಹಂಗ ಹೋತು," ಎಂದು ಅವಳು ಸೆರಗು ಬಾಯಿಗೆ ಹಿಡಿದುಕೊಂಡಳು. ಅವಳು ಬೇಕೆಂದು ಮಾಡಿದ್ದಲ್ಲವೆಂದು ಅವನಿಗೂ ಗೊತ್ತಿತ್ತು. ಆದರೂ ಅಂದು ಒಲೆಯ ಮೇಲಿನ ಝುಣಕ ತಣ್ಣಗಾಯಿತು, ಇಬ್ಬರೂ ಉಣ್ಣಲಿಲ್ಲ.

ಮರುದಿನ ಮಧ್ಯಾಹ್ನ ಭಾವೂಚಾ ಧಕ್ಕಾದ ಮೇಲೆ ನೀಲಕಂಠಪ್ಪ ಕಟಾಂಜನಕ್ಕೆ ಹಸಿರು ಬಣ್ಣ ಹೊಡೆಯುತ್ತಿದ್ದ. ಹಬ್ಬದ ಸೀರೆಯುಟ್ಟು ಸೆವ್ರಿನ್ ಬಾಯಿ ಬಂದು ನೀರಿನ ಅಂಚಿಗೆ ನಿಂತದ್ದನ್ನು ಕಂಡು ಪೀಪಾಯಿಗಳ ಹಿಂದೆ ಸರಿದ. ಲಂಗರು ಹಾಕಿದ ಹಡಗುಗಳ ನಡುವಿನಿಂದ ಲಾಂಚು ಬಂತು. ಮೊದಲು ಕಂಡದ್ದು ಅವನು ಬರೆದ ಬಾತು, ಹಸಿರು ತಲೆ ಎತ್ತಿಕೊಂಡು ನೀರು ಸೀಳುತ್ತ ಬರುತ್ತಿತ್ತು. ಅದರ ಮೇಲಿನಿಂದ ಒಬ್ಬ ಕಪ್ಪಗಿನ ದಪ್ಪ ಆಸಾಮಿ ಕೈ ಬೀಸುತ್ತಿದ್ದ. ಸೆವ್ರಿನ್ ಬಾಯಿ ಅಲ್ಲಿಯೇ ಅಳತೊಡಗಿದಳು.

ಲಿಗೋರಿ ಇಳಿದು ಬಂದ. ಕೊಂಕಣಿಯಲ್ಲಿ ಅದೂ ಇದೂ ಮಾತಾಯಿತು. ಆಮೇಲೆ ಆಕೆ ಕಣ್ಣೊರೆಸಿಕೊಂಡು ಸುತ್ತ ನೋಡಿ, "ಪೇಂಟರೇ, ಅಡಗಿ ನಿಂತದ್ದು ಎಂತದಕ್ಕೆ? ಬನ್ನಿ ಇಲ್ಲಿ," ಎಂದು ಕರೆದಳು. ಅವನಿಗೂ ತಿಳಿಯಲೆಂದು ಗಂಡನೊಡನೆ ಕನ್ನಡದಲ್ಲೇ ಹೇಳಿದಳು, "ಆ ಚಿತ್ರ ಇವರೇ ಬರೆದದ್ದು. ಹಬ್ಬಕ್ಕೆ ತಂದ ನಮ್ಮ ಬಾತನ್ನೇ ನೋಡಿಕೊಂಡು."

"ಹೌದಾ? ಜೀವ ಉಂಟು ಅದರಲ್ಲಿ!" ಎಂದ ಲಿಗೋರಿ. "ಹಾಗಾದ್ರೆ ನಿಜವಾದದ್ದು ಈಗ ಒಲೆಯ ಮೇಲೆ ಅಲ್ವಾ?"

"ಒಲೆಯ ಮೇಲೆ ಅಲ್ಲ, ಒಲೆಯ ಬದಿಯಲ್ಲಿ. ಚಳಿ ಅಂತ ಗೋಣಿ ಹಾಸಿ ಕೂರಿಸಿದ್ದೇನೆ. ನಿಮಗೆ ಬಂಗುಡೆ ಮಾಡಿದ್ದು."

"ಬಂಗುಡೆಯಾ! ಹಡಗಿನಲ್ಲಿ ಇಷ್ಟು ದಿನ ಆ ಸಾರನ್ನೇ ನೆನೆಸಿಕೊಂಡು ಬಂದೆನಲ್ಲ ಮಾರಾಯ್ತಿ!"

"ನನ್ನನ್ನಲ್ಲ, ಸಾರನ್ನು! ನೋಡಿ ಪೇಂಟರೇ, ಇವರ ಮಾತು." ಆಕೆ ನಕ್ಕಳು, ಆಮೇಲೆ ದನಿ ತಗ್ಗಿಸಿದಳು. "ಇವರ ಹೆಂಡತಿ ಅದಕ್ಕೆ ವಿಭೂತಿ ಹಚ್ಚಿ ಕಳಿಸಿದ್ದಾರೆ. ದೇವರ ಹೆಸರಲ್ಲಿ ಒಬ್ಬರು ಕೈಯಿಟ್ಟ ತಲೆ ಅದು. ಅದನ್ನು ಕುಯ್ದು ಇವತ್ತು ನಾನು ಇಗರ್ಜಿಯಲ್ಲಿ ಮೊಣಕಾಲೂರುವುದು ಹೇಗೆ? ನೀವೇ ಹೇಳಿ."

ಲಿಗೋರಿ ತಲೆ ಕೆರೆದುಕೊಂಡ.

ನೀಲಕಂಠಪ್ಪ "ಬಾಯಾರ," ಎಂದ. ಧಕ್ಕೆಯ ಕೂಲಿಯವನು ಲಿಗೋರಿಯ ತಗಡಿನ ಟ್ರಂಕಿಗೆ ಕೈ ಹಾಕಿದ್ದ. ನೀಲಕಂಠಪ್ಪ ಅವನನ್ನು ಸರಿಸಿ, ಟ್ರಂಕನ್ನು ತಾನೇ ತಲೆಯ ಮೇಲೆ ಇಟ್ಟುಕೊಂಡ.

"ಅಯ್ಯೋ, ಬಿಡಿ ಮಾರಾಯ್ರೇ, ಹಮಾಲಿ ಇದ್ದಾನಲ್ಲ!" ಎಂದು ಲಿಗೋರಿ ಹಿಂದಿನಿಂದ ಕೂಗಿದ.

ಅವನು ಕೇಳದವನಂತೆ ಚಾಳಿನ ದಾರಿ ಹಿಡಿದು ಮುಂದೆ ಮುಂದೆ ನಡೆದ. ಟ್ರಂಕಿನ ಎರಡೂ ಬದಿಗೆ ಅವನ ಬೆರಳುಗಳ ಹಸಿರು ಬಣ್ಣ ಹತ್ತಿತ್ತು.