ಸಂಪಿಗೆಯ ತೊಗಟೆ

ಶಾಮಿಯಾನದ ಹಗ್ಗ ಕಟ್ಟಲೆಂದು ಸಂಪಿಗೆ ಮರಕ್ಕೆ ಸುತ್ತಿದ್ದ ಹಳೆಯ ಪಂಚೆಯ ಗಂಟನ್ನು ಶ್ರೀಹರಿ ಬಿಚ್ಚತೊಡಗಿದಾಗ, ಅವನ ಅಣ್ಣ ಬದರೀನಾರಾಯಣರ ಶವದ ಪಕ್ಕದಿಂದ ಅತ್ತಿಗೆ ಚೂಡಾಮಣಿ ಎದ್ದು ಬಂದರು.

"ಅದನ್ನ ಬಿಚ್ಚಬೇಡಪ್ಪ. ಹಗ್ಗ ಗೇಟಿಗೆ ಕಟ್ಟು."

"ಮರಕ್ಯಾಕೆ ಅತ್ತಿಗೆ ಪಂಚೆ?"

"ಇರಲಿ ಬಿಡು."

ಪಕ್ಕದ ಮನೆಯ ನಾರಾಯಣಮ್ಮ ಬುಟ್ಟಿ ತುಂಬ ಸಂಪಿಗೆ ಆಯ್ದು ತಂದು ಬದರೀನಾರಾಯಣರ ಎದೆಯ ಮೇಲೆ ಹರಡಿದರು.

"ಮಲ್ಲೇಶ್ವರಕ್ಕೆ ಬಂದಾಗಿಂದ ನೋಡ್ತಿದೀನಿ, ಈ ಮರ ಹೀಗೆ ಹೂ ಬಿಟ್ಟಿದ್ದೇ ಇಲ್ಲ ಕಣೇ. ಮೇಷ್ಟ್ರು ಹೊರಟಿದ್ದು ಅದಕ್ಕೂ ಗೊತ್ತಾಗಿದೆ."

"ಸಸ್ಯಶಾಸ್ತ್ರದ ಮೇಷ್ಟ್ರಲ್ವಾ," ಎಂದ ಶ್ರೀಹರಿ. "ಮದುವೆ ಮನೇಲೂ ಬಾಳೆದಿಂಡು ಕುಯ್ದು ಪಾಠ ಶುರು ಮಾಡೋನು. ಊಟಕ್ಕೆ ಕೂತವರು ಏಳೋ ಹಾಗಿರಲಿಲ್ಲ."

ಯಾರೋ ನಕ್ಕರು. ಚೂಡಾಮಣಿ ಹೂವಿನ ಕಡೆ ನೋಡಲಿಲ್ಲ.

*

ಹೋದ ಮಾಘದಲ್ಲಿ ಗಂಡನ ಜ್ವರ ಇಳಿಯದೇ ಇದ್ದಾಗ, ಸಂಪಿಗೆ ತೊಗಟೆಯ ಕಷಾಯ ಕೊಡು ಎಂದವರು ನಾರಾಯಣಮ್ಮನೇ. ತೆಂಗಿನಕಾಯಿ ಕೀಳುವವನನ್ನು ಕರೆದು ಚೂಡಾಮಣಿ ತೊಗಟೆ ಕೆತ್ತಿಸಿದರು. ಕಾಂಡದ ಅರ್ಧ ಸುತ್ತು ಕೆತ್ತಿ ಅವನು ನಿಲ್ಲಿಸಿದ್ದ. ಸಾಲದೇ ಹೋದರೆ ಎಂದು ಹೆದರಿ ಪೂರ್ತಿ ತೆಗೆಸಿದರು.

ಕಷಾಯ ಕುಡಿದ ಬದರೀನಾರಾಯಣರು ಕಿಟಕಿಯಿಂದ ಮರ ನೋಡಿದರು.

"ಸುತ್ತಲೂ ತೆಗೆಸಿದ್ಯಾ, ಚೂಡಾ?"

"ಯಾಕ್ರೀ? ಎಲೆ ಹಸಿರಾಗೇ ಇದೆಯಲ್ಲ."

"ನೀರು ಒಳಗಿಂದ ಮೇಲಕ್ಕೆ ಹೋಗತ್ತೆ. ಎಲೆಗೆ ಈಗಲೇ ಗೊತ್ತಾಗಲ್ಲ. ಎಲೆ ಮಾಡಿದ ಊಟ ಬೇರಿಗೆ ಇಳಿಯೋದು ತೊಗಟೇಲಿ. ಆ ದಾರಿ ಹೋಯ್ತು. ಊಟವೆಲ್ಲ ಮೇಲೇ ಉಳಿದು ಒಂದ್ಸಲ ಮೈತುಂಬ ಹೂ ಬಿಡತ್ತೆ. ಆಮೇಲೆ ಬೇರು ಉಪವಾಸ."

"ಏನೂ ಮಾಡಕ್ಕಾಗಲ್ವಾ?"

"ಎಳೆ ಕಡ್ಡಿ ಸಿಗಿಸಿ, ಮೇಲಿನ ತೊಗಟೆಗೂ ಕೆಳಗಿನದಕ್ಕೂ ಸೇತುವೆ ಹಾಕಬಹುದು." ಹೊದಿಕೆಯಿಂದ ಬಲಗೈ ಹೊರತೆಗೆದರು. ಕಡ್ಡಿ ಹಿಡಿಯುವ ಹಾಗೆ ಬೆರಳು ಮಡಚಲು ನೋಡಿದರು, ಆಗಲಿಲ್ಲ. ಮತ್ತೆ ಒಳಗಿಟ್ಟುಕೊಂಡರು.

ಮರುದಿನ ಅವರು ಕಿಟಕಿಯಿಂದ ಹೇಳಿದ ಹಾಗೆ ಚೂಡಾಮಣಿಯೇ ಕಡ್ಡಿ ಸಿಗಿಸಿ, ಪಂಚೆ ಸುತ್ತಿದರು. ಬಿಚ್ಚಿ ನೋಡುವ ಧೈರ್ಯ ಆಮೇಲೆ ಬರಲಿಲ್ಲ.

*

ಶವ ಹೊತ್ತ ವ್ಯಾನ್ ಸಂಪಿಗೆ ರಸ್ತೆಯ ಕಡೆ ತಿರುಗಿತು. ನಾರಾಯಣಮ್ಮ ನೀರು ಹೊಯ್ದು ಮನೆ ತೊಳೆಯತೊಡಗಿದರು. ಚೂಡಾಮಣಿ ಮರದ ಬಳಿ ಹೋಗಿ ಪಂಚೆ ಬಿಚ್ಚಿದರು. ಕಡ್ಡಿಗಳು ಒಣಗಿದ್ದವು. ಮುಟ್ಟಿದ್ದಕ್ಕೇ ಒಂದು ಕಳಚಿ ಕೈಗೆ ಬಂತು.

"ಮರ ಒಂದಾದ್ರೂ ಉಳೀತಲ್ಲ ಕಣೇ, ಅವರ ನೆನಪಿಗೆ," ಎಂದರು ನಾರಾಯಣಮ್ಮ ಒಳಗಿನಿಂದ.

"ಹೂಂ."

ಪಂಚೆಯನ್ನು ಮೊದಲಿಗಿಂತ ಬಿಗಿಯಾಗಿ ಸುತ್ತಿ ಗಂಟು ಹಾಕಿದರು. ಮನೆ ತೊಳೆದ ನೀರು ಅಂಗಳದಲ್ಲಿ ಹರಿದು ಬಂದು ಮರದ ಬುಡದಲ್ಲಿ ನಿಂತಿತು. ಅದು ನಿಧಾನವಾಗಿ ಇಂಗುತ್ತಿರುವಾಗ, ಮೇಲಿನಿಂದ ಇನ್ನೊಂದು ಹೂ ಅದರೊಳಗೆ ಬಿತ್ತು.